ನಖೋನ್ ಸಿ ಥಮ್ಮರಾತ್ ಹೇಗಿದೆ? ಅಪ್ಪ-ಅಮ್ಮನ ಜೊತೆ ಹೋಗಬಹುದಾ?

ಹುಬ್ಬಳ್ಳಿ_ಹುಡುಗ:

ಎಲ್ಲರಿಗೂ ನಮಸ್ಕಾರ. ಥಾಯ್ಲೆಂಡ್‌ಗೆ ಇನ್ನೊಂದು ಸಲ ಹೋಗುವ ಯೋಚನೆ ಇದೆ. ಹಿಂದೆ ಗೆಳೆಯರ ಜೊತೆ ಫುಕೆಟ್, ಕ್ರಾಬಿ ನೋಡಿ ಆಗಿದೆ. ಈ ಸಲ ಅಪ್ಪ, ಅಮ್ಮ, ಹೆಂಡತಿ ಬರುತ್ತಾರೆ, ಹಾಗಾಗಿ ಆ ಗದ್ದಲ ಬೇಡ.

ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ಹಳೆಯ ಗುಡಿ, ಶಾಸನ, ಮ್ಯೂಸಿಯಂ ಅಂದ್ರೆ ಊಟ ಬಿಟ್ಟು ನಡೀತಾರೆ. ಅಮ್ಮ ಪಕ್ಕಾ ಸಸ್ಯಾಹಾರಿ. ಮೊಟ್ಟೆಯೂ ಇಲ್ಲ, ಮೀನಿನ ವಾಸನೆ ಬಂದ್ರೆ ತಟ್ಟೆ ಸರಿಸುತ್ತಾರೆ. ಹೆಂಡತಿಗೆ ಸಮುದ್ರ ಬೇಕೇ ಬೇಕು. ಮೂರೂ ಒಂದೇ ಜಾಗದಲ್ಲಿ ಸಿಗಬೇಕು ಅಂತ ಹುಡುಕುತ್ತಿದ್ದಾಗ ನಖೋನ್ ಸಿ ಥಮ್ಮರಾತ್ ಅನ್ನುವ ಹೆಸರು ಕಣ್ಣಿಗೆ ಬಿತ್ತು. ದೊಡ್ಡ ಸ್ತೂಪ ಇದೆಯಂತೆ, ಶಿವನ ಗುಡಿ ಇದೆಯಂತೆ, ಗುಲಾಬಿ ಬಣ್ಣದ ಡಾಲ್ಫಿನ್ ಬೇರೆ ಇವೆಯಂತೆ! ಆದರೆ ಕನ್ನಡದಲ್ಲಿ ಹೋಗಿಬಂದವರು ಬರೆದಿದ್ದು ಎಲ್ಲೂ ಸಿಗಲಿಲ್ಲ.

ಡಿಸೆಂಬರ್ ಮೊದಲ ವಾರ ರಜೆ ಸಿಗುತ್ತದೆ. ಆಗ ಹೋಗಬಹುದಾ? ದಕ್ಷಿಣ ಥಾಯ್ಲೆಂಡ್‌ನಲ್ಲಿ ಬಾಂಬ್, ಗಲಾಟೆ ಅಂತ ಕೇಳಿದ್ದೇನೆ, ಅದು ಇದೇ ಕಡೆನಾ? ಸುಮ್ನೆ ಒಂದು ದಿನ ನೋಡಿ ಬರುವ ಊರಾ, ಅಥವಾ ನಾಲ್ಕೈದು ದಿನ ಉಳಿಯುವಷ್ಟು ಇದೆಯಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕಡಲದಾರಿ:

ಧಾರಾಳವಾಗಿ ಹೋಗಿ. ಡಿಸೆಂಬರ್ ಮೊದಲ ವಾರ ಮಾತ್ರ ಬೇಡ.

ಫುಕೆಟ್, ಕ್ರಾಬಿ ಅಂಡಮಾನ್ ಸಮುದ್ರದ ಕಡೆ ಇವೆ, ಅಲ್ಲಿ ಡಿಸೆಂಬರ್ ಅಂದ್ರೆ ಒಳ್ಳೆ ಬಿಸಿಲು. ನಖೋನ್ ಇರುವುದು ಪೂರ್ವದ ಕಡೆ, ಥಾಯ್ಲೆಂಡ್ ಕೊಲ್ಲಿಯ ದಡದಲ್ಲಿ. ಈಶಾನ್ಯ ಮಾರುತ ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಸುರಿಯುತ್ತದೆ, ನವೆಂಬರ್ ಎಲ್ಲಕ್ಕಿಂತ ಜೋರು. ಕೆಲವು ವರ್ಷ ಊರಿನ ಬೀದಿಗಳಲ್ಲೇ ನೀರು ನಿಲ್ಲುತ್ತದೆ. ನಮ್ಮ ಕಡೆಯಿಂದ ಹೋಗುವ ಎಷ್ಟೋ ಜನ "ಥಾಯ್ಲೆಂಡ್‌ಗೆ ಡಿಸೆಂಬರ್ ಬೆಸ್ಟ್" ಅಂತ ಕಣ್ಣುಮುಚ್ಚಿ ಟಿಕೆಟ್ ಮಾಡಿಬಿಡುತ್ತಾರೆ, ಆದರೆ ಎರಡು ದಡಕ್ಕೂ ಮಳೆಗಾಲ ಬೇರೆ ಬೇರೆ. ಫೆಬ್ರವರಿಯಿಂದ ಏಪ್ರಿಲ್ ಇಲ್ಲಿಗೆ ಒಳ್ಳೆಯದು. ಅದಾದ ಮೇಲೂ ಆಗಸ್ಟ್ ತನಕ ತೊಂದರೆ ಕಡಿಮೆ.

ಗಲಾಟೆ ಇರುವುದು ಪಟ್ಟಾನಿ, ಯಾಲಾ, ನರಾಥಿವಾಟ್, ಜೊತೆಗೆ ಸೋಂಗ್ಖ್ಲಾ ಪ್ರಾಂತದ ಒಂದು ತುದಿಯಲ್ಲಿ. ಅದೆಲ್ಲ ಮಲೇಷ್ಯಾ ಗಡಿಗೆ ತಾಗಿಕೊಂಡ ಜಾಗ. ನಖೋನ್ ಅದಕ್ಕಿಂತ ಉತ್ತರಕ್ಕಿದೆ, ಆ ಪಟ್ಟಿಗೆ ಸೇರುವುದಿಲ್ಲ. ಮನೆಯವರನ್ನು ನಿಶ್ಚಿಂತೆಯಿಂದ ಕರೆದುಕೊಂಡು ಹೋಗಿ.

ಈಗ ಊರಿನ ವಿಷಯ. ನಕ್ಷೆ ತೆಗೆದು ನೋಡಿ, ಊರು ಉದ್ದಕ್ಕೆ ಒಂದು ಪಟ್ಟಿ ಎಳೆದ ಹಾಗೆ ಇದೆ. ಕಾರಣ ಏನಂದ್ರೆ, ಹಳೆಯ ಕಾಲದಲ್ಲಿ ಸಮುದ್ರದ ದಡವಾಗಿದ್ದ ಮರಳಿನ ದಿಣ್ಣೆಯ ಮೇಲೇ ಊರು ಬೆಳೆದಿದೆ. ಸಮುದ್ರ ಹಿಂದೆ ಸರಿಯಿತು, ದಿಣ್ಣೆ ಉಳಿಯಿತು, ಅಕ್ಕಪಕ್ಕ ತಗ್ಗಿನ ಗದ್ದೆ. ಆ ದಿಣ್ಣೆಯ ಬೆನ್ನಿನ ಮೇಲೆ ಉದ್ದಕ್ಕೆ ರಾಚದಮ್ನೂನ್ ರಸ್ತೆ. ಕೋಟೆ ಗೋಡೆಯ ತುಂಡು, ಶಿವನ ಗುಡಿ, ವಿಷ್ಣುವಿನ ಗುಡಿ, ಮಹಾಸ್ತೂಪ, ಮ್ಯೂಸಿಯಂ, ಎಲ್ಲ ಅದರ ಆಜುಬಾಜಿನಲ್ಲೇ ಇವೆ. ಎರಡು ಬೆಂಚಿನ ಪಿಕಪ್ ಗಾಡಿಗಳು ಇಡೀ ದಿನ ಆ ರಸ್ತೆಯಲ್ಲಿ ಓಡಾಡುತ್ತವೆ, ಕೈ ತೋರಿಸಿ ಹತ್ತುವುದು, ಗಂಟೆ ಒತ್ತಿ ಇಳಿಯುವುದು. ವಯಸ್ಸಾದವರಿಗೂ ಕಷ್ಟ ಇಲ್ಲ.

ಊರಿನ ಪ್ರಾಣ ಅಂದ್ರೆ ವಾಟ್ ಫ್ರಾ ಮಹಾಥಾಟ್ (ವಾಟ್ ಅಂದ್ರೆ ಬೌದ್ಧರ ಗುಡಿ). ಗಂಟೆ ಆಕಾರದ ಬಿಳಿ ಸ್ತೂಪ, ಶ್ರೀಲಂಕಾದ ಶೈಲಿ, ಎತ್ತರ ಸುಮಾರು 55 ಮೀಟರ್, ತುದಿಗೆ ಚಿನ್ನದ ಹೊದಿಕೆ. ಈಗ ಕಾಣುವ ರೂಪ 13ನೇ ಶತಮಾನದ ಹೊತ್ತಿನದು ಅಂತ ಹೇಳುತ್ತಾರೆ, ಒಳಗೆ ಇನ್ನೂ ಹಳೆಯ ಕಟ್ಟಡ ಇದೆ ಅನ್ನುವ ನಂಬಿಕೆಯೂ ಇದೆ. ಬುಡದ ಸುತ್ತ ಗೂಡುಗಳಿಂದ ಆನೆಗಳು ತಲೆ ಹೊರಗೆ ಹಾಕಿಕೊಂಡು ನಿಂತಿವೆ. ಅಂಗಳದ ತುಂಬ ಸಾಲು ಸಾಲು ಚಿಕ್ಕ ಸ್ತೂಪಗಳು, ಅವುಗಳಲ್ಲಿ ಎಷ್ಟೋ ಮನೆತನಗಳ ಹಿರಿಯರ ಅಸ್ಥಿ ಇಟ್ಟಿದ್ದಾರೆ. ಮೆಟ್ಟಿಲಿನ ಮಂಟಪದಲ್ಲಿ ಸಿದ್ಧಾರ್ಥ ಕುದುರೆ ಏರಿ ಅರಮನೆ ಬಿಟ್ಟು ಹೊರಡುವ ಗಾರೆ ಶಿಲ್ಪ ಇದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಎಲ್ಲರೂ ಫೋಟೊ ಹೊಡೆದು ಮುಂದೆ ಓಡುತ್ತಾರೆ.

ಸ್ಥಳಪುರಾಣ ಅಪ್ಪನಿಗೆ ಖಂಡಿತ ಇಷ್ಟ ಆಗುತ್ತದೆ. ಕಳಿಂಗದ ದಂತಪುರದ ಮೇಲೆ ಶತ್ರುಗಳು ಬಿದ್ದಾಗ ಬುದ್ಧನ ಹಲ್ಲನ್ನು ಕಾಪಾಡಲು ಹೇಮಮಾಲಾ ಮತ್ತು ದಂತಕುಮಾರ ಹಡಗು ಹತ್ತಿ ಲಂಕೆಗೆ ಹೊರಟರು ಅನ್ನುವ ಕತೆ ಲಂಕೆಯಲ್ಲೂ ಇದೆ ಅಲ್ವಾ. ನಖೋನ್‌ನವರ ಪ್ರಕಾರ ಆ ಹಡಗು ಒಡೆದು ಅವರು ಇದೇ ಮರಳಿನ ದಡಕ್ಕೆ ಬಂದು ಬಿದ್ದರು, ಹಲ್ಲನ್ನು ಇಲ್ಲೇ ಹೂತು ಮುಚ್ಚಿಟ್ಟರು. ಆ ಜಾಗದಲ್ಲೇ ಸ್ತೂಪ ಎದ್ದಿತಂತೆ.

ಸಾಧ್ಯವಾದರೆ ಮಾಘ ಪೂಜೆಗೆ ಹೊಂದಿಸಿಕೊಳ್ಳಿ. ಸಾಮಾನ್ಯವಾಗಿ ನಮ್ಮ ಭಾರತ ಹುಣ್ಣಿಮೆಯ ಹೊತ್ತಿಗೇ ಬರುತ್ತದೆ, ಫೆಬ್ರವರಿ ಅಥವಾ ಮಾರ್ಚ್. ನಮ್ಮಲ್ಲಿ ಸವದತ್ತಿ ಗುಡ್ಡ ತುಂಬುವ ದಿನ ಅಲ್ಲಿ ಈ ಊರು ತುಂಬುತ್ತದೆ. ಉದ್ದುದ್ದದ ಹಳದಿ, ಬಿಳಿ, ಕೆಂಪು ಬಟ್ಟೆಗಳನ್ನು ನೂರಾರು ಜನ ತಲೆಯ ಮೇಲೆ ಎತ್ತಿ ಹಿಡಿದು ಮೆರವಣಿಗೆಯಲ್ಲಿ ತಂದು ಸ್ತೂಪದ ಬುಡಕ್ಕೆ ಸುತ್ತುತ್ತಾರೆ. ಕೆಲವು ಬಟ್ಟೆಗಳ ಮೇಲೆ ಬುದ್ಧನ ಕತೆಯ ಚಿತ್ರ ಬರೆದಿರುತ್ತದೆ. ಲಂಕೆಗೆ ಹೊರಟಿದ್ದ ಹಡಗು ಒಡೆದು ಅಂಥದೊಂದು ಬಟ್ಟೆ ಪಾಕ್ ಫನಾಂಗ್ ದಡಕ್ಕೆ ತೇಲಿಬಂತು, ರಾಜ ಅದನ್ನು ಈ ಸ್ತೂಪಕ್ಕೇ ಅರ್ಪಿಸಿದ, ಅಲ್ಲಿಂದ ಈ ಹಬ್ಬ ಶುರುವಾಯಿತು ಅನ್ನುತ್ತಾರೆ. ಇಲ್ಲೂ ಹಡಗು ಒಡೆಯುವ ಕತೆಯೇ ನೋಡಿ. ಈ ದಡದಲ್ಲಿ ದೇವರು ಬರುವುದೂ ನೀರಿನಿಂದ, ಕಷ್ಟ ಬರುವುದೂ ನೀರಿನಿಂದ.

ಧ್ವಜಸ್ತಂಭ:

ಇದರಲ್ಲಿ ಆಶ್ಚರ್ಯ ಏನಿದೆ, ಅದೆಲ್ಲ ನಮ್ಮವರು ಕಟ್ಟಿದ್ದೇ. ರಾಜೇಂದ್ರ ಚೋಳ ಹೋಗಿ ಗೆದ್ದ ಮೇಲೆ ಶಿವನ ಗುಡಿ, ಬ್ರಾಹ್ಮಣರು ಎಲ್ಲ ಅಲ್ಲಿಗೆ ಹೋಗಿದ್ದು. ಅಪ್ಪನಿಗೆ ಹೇಳಿ, ನಮ್ಮ ಊರಿಗೇ ಹೋದ ಹಾಗಿರುತ್ತದೆ.

ಶಾಸನಪ್ರಿಯ:

@ಧ್ವಜಸ್ತಂಭ ತಡೀರಿ ಸ್ವಾಮಿ, ಇಷ್ಟು ಸಲೀಸಾಗಿ ಹೇಳಿಬಿಟ್ಟರೆ ಹೇಗೆ. ಚೋಳರ ನೌಕಾಪಡೆ ಹೋಗಿದ್ದು 1025ರ ಹೊತ್ತಿಗೆ. ತಂಜಾವೂರಿನ ಶಾಸನದಲ್ಲಿ ಗೆದ್ದ ಜಾಗಗಳ ಪಟ್ಟಿ ಇದೆ, ಅದರಲ್ಲಿ ಬರುವ ಮಾದಮಾಲಿಂಗಂ ಅಂದ್ರೆ ಆಗಿನ ತಾಂಬ್ರಲಿಂಗ ರಾಜ್ಯ, ಅಂದ್ರೆ ಈ ನಖೋನ್ ಭಾಗವೇ ಅಂತ ಬಹಳ ವಿದ್ವಾಂಸರು ಒಪ್ಪುತ್ತಾರೆ. ಇಷ್ಟು ಸರಿ. ಆದರೆ ಅದು ಬಂದರುಗಳ ಮೇಲಿನ ದಾಳಿ. ಅಲ್ಲೇ ಕೂತು ರಾಜ್ಯ ಕಟ್ಟಲಿಲ್ಲ.

ಶೈವ ಗುಡಿಗಳು ಅದಕ್ಕಿಂತ ಎಷ್ಟೋ ಹಳೆಯವು. ಇದೇ ಪ್ರಾಂತದ ಸಿಚೋನ್ ತಾಲೂಕಿನಲ್ಲಿ ಖಾವ್ ಖಾ ಅಂತ ಒಂದು ಗುಡ್ಡ ಇದೆ. ಮೇಲೆ ಇಟ್ಟಿಗೆಯ ಅಡಿಪಾಯ, ಪಾಣಿಪೀಠ, ಲಿಂಗ ಸಿಕ್ಕಿವೆ. ಅದು ಸುಮಾರು 1,200-1,300 ವರ್ಷ ಹಿಂದಿನ ಜಾಗ. ಸುತ್ತಮುತ್ತ ಬಯಲಿನಲ್ಲೂ ಅಂಥ ಹಳೆಯ ನೆಲೆಗಳು ತುಂಬ ಇವೆ. ಊರಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಶಂಖವನ್ನು ಸೊಂಟಕ್ಕೆ ಒತ್ತಿ ಹಿಡಿದ ಕಲ್ಲಿನ ವಿಷ್ಣು ಇದ್ದಾನೆ. ಆ ಬಗೆಯ ಮೂರ್ತಿಗಳನ್ನು 5ನೇ ಶತಮಾನದ ಸುಮಾರಿಗೆ ಹಾಕುತ್ತಾರೆ. ಆಗ ರಾಜೇಂದ್ರ ಹುಟ್ಟಲು ಇನ್ನೂ ಐನೂರು ವರ್ಷ ಇತ್ತು! ಮೇಷ್ಟ್ರು ಈ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಲಿ, ಮನೆಯವರು ಬೇಕಾದರೆ ಹೊರಗೆ ಕಾಫಿ ಕುಡಿಯುತ್ತಾ ಕಾಯಲಿ.

ನನ್ನ ಮಟ್ಟಿಗೆ ಸೇನೆಗಿಂತ ವ್ಯಾಪಾರಿಗಳ ಕತೆ ದೊಡ್ಡದು. ಪರ್ಯಾಯ ದ್ವೀಪದ ಆಚೆ ದಡದಲ್ಲಿ ತಕುವಾ ಪಾ ಇದೆ. ಅಲ್ಲಿ 9ನೇ ಶತಮಾನದ ತಮಿಳು ಶಾಸನ ಸಿಕ್ಕಿದೆ, ಒಂದು ಕೆರೆ ತೋಡಿಸಿ ಅದನ್ನು ಮಣಿಗ್ರಾಮ ಅನ್ನುವ ವರ್ತಕರ ಸಂಘದ ರಕ್ಷಣೆಗೆ ಒಪ್ಪಿಸಿದ ವಿಷಯ ಅದರಲ್ಲಿದೆ. ಹಡಗಿನವರು ಆ ಕಡೆ ಇಳಿದು, ನೆಲದ ಮೇಲೆ ದಾಟಿ, ಈ ಕಡೆ ಮತ್ತೆ ಹಡಗು ಹತ್ತುತ್ತಿದ್ದರು. ಮಲಕ್ಕಾ ಸುತ್ತಿಕೊಂಡು ಹೋಗುವುದಕ್ಕಿಂತ ಕೆಲವರಿಗೆ ಇದೇ ಹತ್ತಿರ. ನಮ್ಮ ಐಹೊಳೆಯ ಐನೂರ್ವರು ಅನ್ನುವ ವರ್ತಕರ ಸಂಘದವರೂ ಆ ಸಮುದ್ರದಲ್ಲಿ ಇದ್ದವರೇ. ಅವರ ಹೆಸರಿನ 1088ರ ತಮಿಳು ಶಾಸನ ಸುಮಾತ್ರಾದ ಬಾರೂಸ್‌ನಲ್ಲಿ ಸಿಕ್ಕಿದೆ. ನಖೋನ್‌ನಲ್ಲಿ ಅಲ್ಲ, ಅದು ನೆನಪಿರಲಿ, ಇಲ್ಲದಿದ್ದರೆ ನಾಳೆ ಯಾರಾದರೂ "ನಖೋನ್ ಕಟ್ಟಿದ್ದು ಐಹೊಳೆಯವರು" ಅಂತ ವಾಟ್ಸಾಪ್‌ನಲ್ಲಿ ಬಿಡುತ್ತಾರೆ.

ಇನ್ನೊಂದು ಮಾತು. ದಾಳಿ ಒಂದೇ ದಿಕ್ಕಿನಿಂದ ಆಗಿದ್ದಲ್ಲ. 1247ರಲ್ಲಿ ತಾಂಬ್ರಲಿಂಗದ ರಾಜ ಚಂದ್ರಭಾನು ಹಡಗು ತುಂಬಿಸಿಕೊಂಡು ಹೋಗಿ ಶ್ರೀಲಂಕಾದ ಮೇಲೇ ಬಿದ್ದ. 2ನೇ ಪರಾಕ್ರಮಬಾಹು ಅವನನ್ನು ಹಿಮ್ಮೆಟ್ಟಿಸಿದ. ಆದರೂ ಜಾಫ್ನಾ ಕಡೆ ನೆಲೆ ಊರಿ ಕೊನೆಗೆ ಪಾಂಡ್ಯರ ಕೈಯಲ್ಲಿ ಸೋತ. ಆಗ್ನೇಯ ಏಷ್ಯಾದ ರಾಜನೊಬ್ಬ ನಮ್ಮ ಉಪಖಂಡದ ಅಂಚಿಗೆ ಬಂದು ಯುದ್ಧ ಮಾಡಿದ್ದು ನಮ್ಮ ಶಾಲೆ ಪುಸ್ತಕದಲ್ಲಿ ನಾನಂತೂ ಓದಿಲ್ಲ.

ಬ್ರಾಹ್ಮಣರ ವಿಷಯಕ್ಕೆ ಬರೋಣ. ರಾಚದಮ್ನೂನ್ ರಸ್ತೆಯಲ್ಲಿ ಒಂದು ಕಡೆ ಶಿವನ ಗುಡಿ, ಎದುರಿಗೆ ನಾರಾಯಣನ ಗುಡಿ. ಎರಡೂ ಸಣ್ಣವು, ಗೋಪುರ ಗೀಪುರ ಏನೂ ಇಲ್ಲ, ದೊಡ್ಡದಾಗಿ ಕಲ್ಪಿಸಿಕೊಂಡು ಹೋದರೆ ನಿರಾಸೆ ಆಗುತ್ತದೆ. ಶಿವನ ಗುಡಿ ಪಕ್ಕದಲ್ಲೇ ಕೆಂಪು ಉಯ್ಯಾಲೆ ಕಂಬ ಇದೆ, ಬ್ಯಾಂಕಾಕ್‌ನ ದೊಡ್ಡ ಉಯ್ಯಾಲೆಯ ಸಣ್ಣ ರೂಪ. 1767ರಲ್ಲಿ ಬರ್ಮಾದವರು ಅಯುತ್ಥಯಾ ಸುಟ್ಟ ಮೇಲೆ ಹೊಸ ರಾಜಧಾನಿಯಲ್ಲಿ ರಾಜಪೂಜೆ ಮಾಡಿಸಲು ಬ್ರಾಹ್ಮಣರೇ ಸಾಕಷ್ಟು ಇರಲಿಲ್ಲ. ಆಗ ನಖೋನ್ ಮತ್ತು ಪಕ್ಕದ ಫತ್ತಲುಂಗ್‌ನಿಂದ ಕರೆಸಿಕೊಂಡರು. ಬ್ಯಾಂಕಾಕ್ ಅರಮನೆಯ ಪುರೋಹಿತರು ಇವತ್ತಿಗೂ ಆ ಮನೆತನಗಳವರು. ಧನುರ್ಮಾಸದ ಹೊತ್ತಿನ ಅವರ ಪೂಜೆಯಲ್ಲಿ ತಿರುವೆಂಪಾವೈ ಅನ್ನುವ ತಮಿಳು ಶಿವಸ್ತುತಿಯ ಸಾಲುಗಳನ್ನು ಹೇಳುತ್ತಾರೆ. ಉಚ್ಚಾರಣೆ ಎಷ್ಟು ಬದಲಾಗಿದೆ ಅಂದ್ರೆ ತಮಿಳರಿಗೂ ತಕ್ಷಣ ಗೊತ್ತಾಗುವುದಿಲ್ಲ. ಮುಖ, ಮಾತು, ಊಟ ಎಲ್ಲದರಲ್ಲೂ ಅವರು ಥಾಯ್ ಜನವೇ. ಅದಕ್ಕೇ "ನಮ್ಮವರು" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಬಂದಿದ್ದನ್ನು ತಗೊಂಡು ಸಾವಿರ ವರ್ಷ ತಮಗೆ ಬೇಕಾದ ಹಾಗೆ ಬಳಸಿದವರು ಅವರು, ಹೆಸರು ಅವರಿಗೇ ಹೋಗಬೇಕು.

ಧ್ವಜಸ್ತಂಭ:

ಸರಿ ಸರ್, ದಾಳಿ ಅಷ್ಟೇ ಅಂತ ಇಟ್ಟುಕೊಳ್ಳೋಣ. ಆದರೂ ಸಂಬಂಧ ಇದೆ ಅಂತಾಯಿತಲ್ಲ 🙂

ತೊಗಲುಬೊಂಬೆ:

ಸಂಬಂಧ ನೋಡಬೇಕಾದರೆ ರಾತ್ರಿ ನೋಡಿ, ಪರದೆಯ ಮೇಲೆ.

ನಾಂಗ್ ತಲುಂಗ್ ಅಂದ್ರೆ ಅಲ್ಲಿಯ ತೊಗಲುಬೊಂಬೆ ಆಟ. ನಖೋನ್, ಫತ್ತಲುಂಗ್, ಸೋಂಗ್ಖ್ಲಾ ಇದರ ತವರು. ಹಸುವಿನ ತೊಗಲನ್ನು ಹದ ಮಾಡಿ, ಸಣ್ಣ ಉಳಿಯಲ್ಲಿ ತೂತು ಹೊಡೆದು, ಬಣ್ಣ ಹಾಕುತ್ತಾರೆ. ಬಿಳಿ ಪರದೆ, ಹಿಂದೆ ದೀಪ. ಬೊಂಬೆ ಕುಣಿಸುವುದು, ಎಲ್ಲ ಪಾತ್ರಗಳ ದನಿ, ಹಾಡು, ಎಲ್ಲವನ್ನೂ ಒಬ್ಬನೇ ಮಾಡುತ್ತಾನೆ, ಅವನ ಬೆನ್ನಿಗೆ ಮೇಳದವರು ತಾಳ, ಮದ್ದಳೆ, ಪೀಪಿ ಹಿಡಿದು ಕೂತಿರುತ್ತಾರೆ. ನಮ್ಮಲ್ಲಿ ಗಣಪತಿಯಿಂದ ಶುರು, ಅವರಲ್ಲಿ ಮೊದಲು ಋಷಿ ಬರುತ್ತಾನೆ, ಆಮೇಲೆ ನಂದಿಯ ಮೇಲೆ ಕೂತು ಶಿವ ಬರುತ್ತಾನೆ. ಬೌದ್ಧರ ಊರಿನಲ್ಲಿ, ಬೌದ್ಧ ಆಟಗಾರ, ಶಿವನಿಗೆ ಕೈಮುಗಿದು ಆಟ ಶುರು ಮಾಡುವುದು ನೋಡಿದರೆ ನಿಮ್ಮ ಅಪ್ಪ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ.

ಮೊದಲು ರಾಮಾಯಣದ ಕತೆ ಜಾಸ್ತಿ ಇತ್ತು. ಈಗ ರಾಜಕೀಯ, ರಬ್ಬರ್ ರೇಟು, ಊರ ಗಾಸಿಪ್ಪು ಎಲ್ಲ ಬರುತ್ತದೆ. ಅದನ್ನೆಲ್ಲ ಹೇಳುವುದು ವಿದೂಷಕರು. ತೆಂಗ್, ನೂ ನುಯಿ ಅಂತ ಕರೀ ಮೈಯ, ಡೊಳ್ಳು ಹೊಟ್ಟೆಯ ಬೊಂಬೆಗಳು. ಸೊಂಟಕ್ಕೆ ಒಂದು ಬಟ್ಟೆ, ಬಾಯಿ ಮಾತ್ರ ಬಿಡುವಿಲ್ಲ. ರಾಜಕುಮಾರರು ಬ್ಯಾಂಕಾಕ್ ಥಾಯ್ ಮಾತಾಡಿದರೆ ಇವರು ದಕ್ಷಿಣದ ಆಡುಮಾತಿನಲ್ಲಿ ಬೈಯುತ್ತಾರೆ. ನಮ್ಮ ಕಿಳ್ಳೇಕ್ಯಾತ, ಬಂಗಾರಕ್ಕನ ಆಟ ನೋಡಿದವರಿಗೆ ಏನು ನಡೆಯುತ್ತಿದೆ ಅಂತ ಭಾಷೆ ಇಲ್ಲದೆಯೂ ತಿಳಿಯುತ್ತದೆ. ಯಾರಿಂದ ಯಾರಿಗೆ ಹೋಯಿತು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ಜಾವಾದ ಕಡೆಯಿಂದ ಬಂತು ಅನ್ನುವವರೂ ಇದ್ದಾರೆ.

ಊರಿನಲ್ಲಿ ಸುಚಾರ್ತ್ ಸಪ್ಸಿನ್ ಅನ್ನುವ ದೊಡ್ಡ ಕಲಾವಿದರ ಮನೆಯೇ ಬೊಂಬೆ ಮ್ಯೂಸಿಯಂ. ಥಾಯ್ ಸರ್ಕಾರ ಅವರನ್ನು ರಾಷ್ಟ್ರೀಯ ಕಲಾವಿದ ಅಂತ ಗೌರವಿಸಿತ್ತು. ಅವರು ಈಗಿಲ್ಲ, ಮನೆಯವರು ನಡೆಸಿಕೊಂಡು ಬಂದಿದ್ದಾರೆ. ಹಳೆಯ ಬೊಂಬೆಗಳು ಇವೆ, ಉಳಿ ಹಿಡಿದು ಕೆತ್ತುವುದನ್ನು ಎದುರಿಗೇ ನೋಡಬಹುದು, ಜನ ಇದ್ದರೆ ಸಣ್ಣ ಆಟ ಆಡಿ ತೋರಿಸುತ್ತಾರೆ. ಇಲ್ಲಿ ಬೊಂಬೆ ಕೊಂಡರೆ ದುಡ್ಡು ಕೆಲಸ ಮಾಡಿದವರಿಗೇ ಹೋಗುತ್ತದೆ. ಏರ್‌ಪೋರ್ಟ್‌ನಲ್ಲಿ ಕೊಳ್ಳಬೇಡಿ. ಹೋಗುವ ಮುಂಚೆ ಕೊಪ್ಪಳದ ಭೀಮವ್ವ ಶಿಳ್ಳೇಕ್ಯಾತರ ಅವರ ಆಟದ ವಿಡಿಯೊ ಒಂದು ನೋಡಿಕೊಂಡು ಹೋಗಿ, 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರದೇ. ಎರಡನ್ನೂ ನೋಡಿದರೆ ರುಚಿ ಬೇರೆ.

ನೋರಾ ಕುಣಿತವೂ ಇದೆ. ಉದ್ದ ಬೆಳ್ಳಿ ಉಗುರು, ಮಣಿ ಪೋಣಿಸಿದ ಅಂಗಿ, ಹಿಂದೆ ಹಕ್ಕಿಯ ಬಾಲ. ಕಿನ್ನರಿ ಮನೋಹರಾಳ ಕತೆಯಿಂದ ಬಂದಿದ್ದು, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹೋಟೆಲಿನಲ್ಲಿ ಹತ್ತು ನಿಮಿಷ ಕುಣಿಸುವುದಕ್ಕೆ ದುಡ್ಡು ಹಾಕಬೇಡಿ. ಹಳ್ಳಿಯಲ್ಲಿ ಹಿರಿಯರ ಆತ್ಮ ಕರೆಸುವ ನೋರಾ ನಡೆಯುತ್ತದೆ, ಅದು ದಿನಗಟ್ಟಲೆ. ಸಿಕ್ಕರೆ ಪುಣ್ಯ.

ಕರಕುಶಲ ಅಂದ್ರೆ ಬೆಳ್ಳಿಗೆ ಕಪ್ಪು ಮಿಶ್ರಣ ತುಂಬಿ ಮಾಡುವ ಪಾತ್ರೆ, ಒಡವೆ. ಲಿಪಾವ್ ಅನ್ನುವ ಬಳ್ಳಿಯ ಎಳೆಯಲ್ಲಿ ಹೆಣೆದ ಕೈಚೀಲವೂ ಇದೆ. ಥಾ ಚಾಂಗ್ ರಸ್ತೆಯಲ್ಲಿ ಅಂಗಡಿಗಳು. ಚೀಲದ ಬೆಲೆ ಕೇಳಿ ಹೌಹಾರಬೇಡಿ, ಎಳೆ ಅಷ್ಟು ಸಣ್ಣ.

ಹುಬ್ಬಳ್ಳಿ_ಹುಡುಗ:

ಅಬ್ಬಾ, ಇಷ್ಟೊಂದು ಇದೆಯಾ! ಅಪ್ಪನಿಗೆ ಓದಿ ಹೇಳಿದೆ, ಚಂದ್ರಭಾನು ಹೆಸರು ಕೇಳಿದ್ದೇ ಹಳೆಯ ಪುಸ್ತಕ ತೆಗೆದು ಕೂತಿದ್ದಾರೆ. ಡಿಸೆಂಬರ್ ಬಿಟ್ಟೆವು, ಭಾರತ ಹುಣ್ಣಿಮೆಗೇ ನೋಡುತ್ತೇವೆ. ಆದರೆ ಅಮ್ಮನ ಊಟ? ಮತ್ತೆ ಸಮುದ್ರದ ಬಗ್ಗೆ ಯಾರೂ ಹೇಳಲೇ ಇಲ್ಲ, ಹೆಂಡತಿ ಪಕ್ಕದಲ್ಲೇ ಕೂತು ಇದನ್ನೆಲ್ಲ ಓದುತ್ತಿದ್ದಾಳೆ.

ಬ್ಯಾಂಕಾಕ್_ಕನ್ನಡತಿ:

ಊಟದ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ವರ್ಷಗಳಿಂದ ಇದೇ ಪಾಡು.

ದಕ್ಷಿಣದ ಅಡುಗೆ ಬಲು ಖಾರ, ಅರಿಸಿನ ಜಾಸ್ತಿ, ತೆಂಗಿನಹಾಲು ಧಾರಾಳ. ನೋಡಲು ನಮ್ಮ ಕರಾವಳಿ ಸಾರಿನ ಹಾಗೇ ಇರುತ್ತದೆ, ಆದರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಗಡಿ ಪೇಸ್ಟ್ ಅಥವಾ ಮೀನಿನ ರಸ ಇರುತ್ತದೆ. ತರಕಾರಿ ಪಲ್ಯ ಅಂತ ಕೊಟ್ಟರೂ ಇರುತ್ತದೆ. ಅಲ್ಲಿಯ ಹೆಸರಾಂತ ಕೇಂಗ್ ತಾಯ್ ಪ್ಲಾ ಅಂದ್ರೆ ಹುಳಿಸಿದ ಮೀನಿನ ಕರುಳಿನ ಸಾರು, ಅಮ್ಮನನ್ನು ಆ ಅಂಗಡಿಯ ಮುಂದೆ ನಡೆಸಲೇಬೇಡಿ. "ವೆಜಿಟೇರಿಯನ್" ಅಂದ್ರೆ ಅರ್ಥ ಆಗುವುದಿಲ್ಲ, ಆದರೂ ತಲೆ ಆಡಿಸುತ್ತಾರೆ. "ಜೇ" ಅನ್ನಿ. ಚೀನೀ ಬೌದ್ಧರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇದ್ದರೆ ಜೇ ಅಂಗಡಿ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಸಿಗುತ್ತದೆ, ಸಂಜೆ ಎಷ್ಟೋ ಕಡೆ ಬಾಗಿಲು ಹಾಕಿರುತ್ತಾರೆ. ಹಾಗಾಗಿ ರಾತ್ರಿಗೆ ಅವಲಕ್ಕಿ, ಚಟ್ನಿಪುಡಿ, ಸಣ್ಣ ಕುಕ್ಕರ್ ಇದ್ದರೆ ನೆಮ್ಮದಿ. ಖಾವ್ ಯಾಮ್ ಅಂತ ಅನ್ನದ ಜೊತೆ ಹಸಿ ಸೊಪ್ಪು, ಕಾಯಿತುರಿ, ಹೆಚ್ಚಿದ ಹುಳಿಹಣ್ಣು ಕಲಸಿ ತಿನ್ನುತ್ತಾರೆ, ಅದರ ಸಾಸ್ ಮತ್ತೆ ಒಣ ಸಿಗಡಿ ಪುಡಿ ಬಿಡಿಸಿಕೊಂಡು ತಿನ್ನಬಹುದು. ಅದನ್ನು ಬಿಟ್ಟರೆ ಉಳಿಯುವುದು ಸಪ್ಪೆ ಸಪ್ಪೆ, ಹೌದು.

ಮೀನು ತಿನ್ನುವವರಿಗೆ ಮಾತ್ರ ಇದು ಸ್ವರ್ಗ. ಬೆಳಗ್ಗೆ ಖನೋಮ್ ಜೀನ್, ಅಂದ್ರೆ ನಮ್ಮ ಒತ್ತು ಶಾವಿಗೆಯ ತರದ ಅಕ್ಕಿ ಶಾವಿಗೆ, ಮೇಲೆ ಮೀನಿನ ಗ್ರೇವಿ, ಪಕ್ಕದಲ್ಲಿ ಒಂದು ತಟ್ಟೆ ತುಂಬ ಹಸಿ ತರಕಾರಿ, ಸೊಪ್ಪು, ಉಪ್ಪಿನಕಾಯಿ. ತರಕಾರಿಗೆ ಬೇರೆ ದುಡ್ಡಿಲ್ಲ.

ಹಣ್ಣಿನ ಕಾಲದಲ್ಲಿ ಹೋದರೆ, ಅಂದ್ರೆ ಜುಲೈ-ಆಗಸ್ಟ್, ಬಲಿಯದ ಮ್ಯಾಂಗೋಸ್ಟೀನ್ ಸುಲಿದು ಕಡ್ಡಿಗೆ ಸಿಕ್ಕಿಸಿ ಮಾರುತ್ತಾರೆ. ಗರಿಗರಿ, ಹುಳಿಸಿಹಿ. ನಮ್ಮ ಪುನರ್ಪುಳಿಯ ಜಾತಿಯದೇ ಹಣ್ಣು ಅದು. ಅಮ್ಮನಿಗೆ ಇದು ಪಕ್ಕಾ ಇಷ್ಟ ಆಗುತ್ತದೆ.

ಊಟದ ನೆಪದಲ್ಲಿ ಇನ್ನೊಂದು ಹಬ್ಬದ ಮಾತು. ಅಲ್ಲಿ ಹತ್ತನೇ ತಿಂಗಳ ಹಬ್ಬ ಅಂತ ಮಾಡುತ್ತಾರೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಹೆಚ್ಚಿನ ವರ್ಷ ನಮ್ಮ ಪಿತೃಪಕ್ಷದ ಹದಿನೈದು ದಿನವೇ. ನರಕದಲ್ಲಿರುವ ಪ್ರೇತಗಳನ್ನು ಆ ಪಕ್ಷದಲ್ಲಿ ಮೇಲೆ ಬಿಡುತ್ತಾರೆ, ಅಮಾವಾಸ್ಯೆಗೆ ವಾಪಸು ಕಳಿಸುತ್ತಾರೆ ಅಂತ ನಂಬಿಕೆ. ಹಿರಿಯರಿಗೆ ಅಂತ ತಟ್ಟೆ ತುಂಬಿ ವಾಟ್‌ಗೆ ಒಯ್ಯುತ್ತಾರೆ. ಅದರಲ್ಲಿ ಐದು ತಿಂಡಿ ಇರಲೇಬೇಕು. ಕೂದಲೆಳೆ ಹಾಗೆ ಹುಯ್ದು ಮಡಿಸಿದ ಖನೋಮ್ ಲಾ ಸತ್ತವರಿಗೆ ಬಟ್ಟೆ. ಉಬ್ಬಿದ ಖನೋಮ್ ಫೋಂಗ್ ಅವರು ನದಿ ದಾಟಲು ತೆಪ್ಪ. ಇನ್ನುಳಿದವು ಒಡವೆ, ಖರ್ಚಿಗೆ ಕಾಸು, ಆಟಕ್ಕೆ ಬಿಲ್ಲೆ. ಪೂಜೆ ಮುಗಿದ ಮೇಲೆ ಹೊರಗೆ ಇಟ್ಟ ಎಡೆಗೆ ಹುಡುಗರು ಮುಗಿಬೀಳುತ್ತಾರೆ, ಪ್ರೇತದ ಪಾಲು ಕಸಿದು ತಿಂದರೆ ಒಳ್ಳೆಯದಂತೆ! ನಮ್ಮಲ್ಲಿ ಕಾಗೆಗೆ ಕಾಯುತ್ತೇವೆ, ಅಲ್ಲಿ ಮಕ್ಕಳೇ ಸಾಕು.

ಆ ಊರಿನವರ ನಂಬಿಕೆ ಸ್ವಲ್ಪ ಜೋರೇ ಅನ್ನಿ. 2006-07ರಲ್ಲಿ ಚತುಕಾಮ್ ರಾಮಥೇಪ್ ಅನ್ನುವ ದುಂಡನೆಯ ತಾಯತದ ಹುಚ್ಚು ಇಡೀ ಥಾಯ್ಲೆಂಡ್‌ಗೆ ಹತ್ತಿತ್ತು. ಅದು ಹುಟ್ಟಿದ್ದು ಈ ಊರಿನಲ್ಲೇ, 1987ರಲ್ಲಿ ಮೊದಲ ಕಂತು ಮಾಡಿದ್ದು. ಮಹಾಸ್ತೂಪದ ಮೆಟ್ಟಿಲು ಕಾಯುವ ಎರಡು ದೇವತೆಗಳ ಹೆಸರು ಅದು. 2007ರಲ್ಲಿ ತಾಯತದ ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸು ಸತ್ತರು. ವರ್ಷ ಕಳೆಯುವುದರಲ್ಲಿ ಬೆಲೆ ಬಿತ್ತು, ಹುಚ್ಚು ಇಳಿಯಿತು. ಈಗ ಬೇರೆ ದೇವರ ಸರದಿ, ಅದನ್ನು ಸಿಚೋನ್ ಬಲ್ಲವರು ಹೇಳಲಿ.

ಕರಾವಳಿ_ಕೂಸು:

ಸಿಚೋನ್ ಮತ್ತು ಖನೋಮ್ ನನ್ನ ಪಾಲಿಗೆ ಬಿಡಿ. ಅತ್ತಿಗೆಗೆ ಹೇಳಿ, ಸಮುದ್ರ ಇದೆ, ಬೇಕಾದಷ್ಟಿದೆ.

ಊರಿನಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ಆಸುಪಾಸು ಹೋದರೆ ಖನೋಮ್. ನಾಯ್ ಫ್ಲಾವ್, ನಾದಾನ್ ಅಂತ ಉದ್ದ ಬೀಚುಗಳು, ಹಿಂದೆ ತೆಂಗಿನ ತೋಟ, ಅದರ ಹಿಂದೆ ಗುಡ್ಡ. ಕೊಹ್ ಸಮುಯಿಗೆ ದೋಣಿ ಹೊರಡುವ ದೋನ್‌ಸಾಕ್ ಬಂದರು ಪಕ್ಕದಲ್ಲೇ ಇದೆ, ವಿದೇಶಿಗಳೆಲ್ಲ ಆ ಕಡೆ ಹೋಗಿಬಿಡುತ್ತಾರೆ, ಇಲ್ಲಿ ಥಾಯ್ ಕುಟುಂಬಗಳೇ ಜಾಸ್ತಿ. ನೀರು ಫುಕೆಟ್‌ನಷ್ಟು ತಿಳಿಯಾಗಿ ಇರುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಸಂಜೆ ಮರಳಿನ ಮೇಲೆ ನೀವು, ನಾಲ್ಕು ನಾಯಿ, ಅಷ್ಟೇ.

ಡಾಲ್ಫಿನ್ ಬೆಳಿಗ್ಗೆ ನೋಡಿ. ಲೇಮ್ ಪ್ರಥಾಪ್ ಕಡೆಯಿಂದ ಮೀನುಗಾರರೇ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಹುಟ್ಟುವಾಗ ಬೂದು ಬಣ್ಣ, ಬೆಳೆದಂತೆ ಗುಲಾಬಿ ಆಗುತ್ತವೆ, ಚರ್ಮದ ಕೆಳಗಿನ ರಕ್ತನಾಳದಿಂದ ಬರುವ ಬಣ್ಣ ಅದು. ಕಾರವಾರದಲ್ಲಿ ನಾವು ನೋಡುವ ಬೆನ್ನುಬ್ಬಿನ ಡಾಲ್ಫಿನ್‌ಗೆ ಹತ್ತಿರದ ಸಂಬಂಧಿ, ನಮ್ಮವು ಮಾತ್ರ ಕಪ್ಪುಬೂದು ಬಣ್ಣದಲ್ಲೇ ಉಳಿಯುತ್ತವೆ. ಕಂಡೇ ಕಾಣುತ್ತವೆ ಅಂತ ಮಾತು ಕೊಡುವ ದೋಣಿಯವನನ್ನು ನಂಬಬೇಡಿ. ಹತ್ತಿರ ಹೋಗಿ ಎಂಜಿನ್ ಜೋರು ಮಾಡುವವನಿಗೆ ಬೇಡ ಅನ್ನಿ, ತಿಂಡಿ ಎಸೆಯಲೂ ಬೇಡ. ಅದೇ ದೋಣಿಯಲ್ಲಿ ದೋಸೆ ಪೇರಿಸಿದ ಹಾಗಿರುವ ಕಲ್ಲುಬಂಡೆಗಳನ್ನೂ ತೋರಿಸಿಕೊಂಡು ಬರುತ್ತಾರೆ.

ವಾಪಸು ಬರುವಾಗ ಸಿಚೋನ್‌ನಲ್ಲಿ ವಾಟ್ ಚೇದಿಗೆ ಹೋಗಿ. ಅಯ್ ಖಾಯ್ ಅನ್ನುವ ಹುಡುಗ ದೇವರ ಜಾಗ. ಒಬ್ಬ ದೊಡ್ಡ ಭಿಕ್ಷುವಿನ ಜೊತೆ ಬಂದ ಹುಡುಗ, ಈ ಜಾಗ ಕಾಯಲು ಆತ್ಮವಾಗಿ ಇಲ್ಲೇ ಉಳಿದ ಅನ್ನುವುದು ಕತೆ. ಮರದಲ್ಲಿ ಕೆತ್ತಿದ ಹುಡುಗನ ಮೂರ್ತಿ. ಕಪ್ಪು ಕನ್ನಡಕ ಹಾಕಿರುತ್ತಾರೆ ಒಮ್ಮೊಮ್ಮೆ! ಕೋವಿಡ್ ಹೊತ್ತ 2020ರಲ್ಲಿ ಲಾಟರಿ ಹೊಡೆಸುತ್ತಾನೆ ಅಂತ ದೇಶದ ಮೂಲೆಮೂಲೆಯಿಂದ ಜನ ಬಂದರು. ಹರಕೆ ತೀರಿದರೆ ಸಿಮೆಂಟಿನ ಹುಂಜ ಕೊಡಬೇಕು, ಜೊತೆಗೆ ಪಟಾಕಿ. ಆಳೆತ್ತರದಿಂದ ಮನೆಯೆತ್ತರದ ತನಕ ಸಾವಿರಾರು ಹುಂಜಗಳು ನಿಂತಿವೆ. ಪಟಾಕಿ ಸಿಪ್ಪೆಯ ಕೆಂಪು ಗುಡ್ಡವೇ ಇದೆ. ನಿಮ್ಮಮ್ಮನಿಗೆ ಕಿವಿಗೆ ಹತ್ತಿ ಕೊಡಿ. ಕಲೆ, ಶಿಲ್ಪ ಅಂತ ಹುಡುಕಿದರೆ ಏನೂ ಇಲ್ಲ, ಆದರೂ ಮಹಾಸ್ತೂಪ ನೋಡಿದ ಮಾರನೇ ದಿನ ಇದನ್ನು ನೋಡಬೇಕು, ಆಗಲೇ ಈ ಜನರ ಭಕ್ತಿ ಪೂರ್ತಿ ಕಾಣುವುದು. ಶಾಸನಪ್ರಿಯರು ಹೇಳಿದ ಖಾವ್ ಖಾ ಕೂಡ ಇದೇ ತಾಲೂಕು, ಅಲ್ಲಿ ನೀವು ಹೋದಾಗ ಇನ್ನೊಬ್ಬರು ಇದ್ದರೆ ಹೆಚ್ಚು.

ಚಾರಣ_ಚಾಳಿ:

ಎಲ್ಲರೂ ಸಮುದ್ರ, ಗುಡಿ ಅಂದ್ರಿ, ಬೆಟ್ಟ ಮರೆತುಬಿಟ್ಟಿರಿ. ದಕ್ಷಿಣ ಥಾಯ್ಲೆಂಡ್‌ನ ಅತಿ ಎತ್ತರದ ಖಾವ್ ಲುವಾಂಗ್ ಇದೇ ಪ್ರಾಂತದ್ದು, ಸುಮಾರು 1,800 ಮೀಟರ್. ಮೇಲೆ ಹತ್ತುವುದು ವಯಸ್ಸಾದವರಿಗೆ ಆಗುವುದಿಲ್ಲ, ಆದರೆ ಬುಡದ ಖಿರಿವೋಂಗ್ ಹಳ್ಳಿಗೆ ಊರಿನಿಂದ ಕಾರಿನಲ್ಲಿ ಅರ್ಧ-ಮುಕ್ಕಾಲು ಗಂಟೆ. ತಣ್ಣನೆ ಹೊಳೆ, ದೊಡ್ಡ ದೊಡ್ಡ ಬಂಡೆ, ಗುಡ್ಡದ ಮೇಲೆ ಮ್ಯಾಂಗೋಸ್ಟೀನ್, ಡುರಿಯನ್, ಅಡಿಕೆ ಎಲ್ಲ ಕಲಸಿ ಬೆಳೆದ ತೋಟ. ಎಲೆ, ತೊಗಟೆಯ ಬಣ್ಣದಲ್ಲಿ ಹೆಂಗಸರ ಸಂಘಗಳು ಬಟ್ಟೆ ಅದ್ದುತ್ತವೆ. ಮನೆಗಳಲ್ಲಿ ಉಳಿಯಬಹುದು. ಶನಿವಾರ, ಭಾನುವಾರ ಸೆಲ್ಫಿ ಜನ ಬರುತ್ತಾರೆ, ವಾರದ ನಡುವೆ ಹೋಗಿ.

ಆ ಬಂಡೆಗಳು ಹೇಗೆ ಬಂದವು ಅಂತ ಯಾರನ್ನಾದರೂ ಕೇಳಿ. 1988ರ ನವೆಂಬರ್‌ನಲ್ಲಿ ಸತತ ಮಳೆಗೆ ಈ ಬೆಟ್ಟಸಾಲು ಕುಸಿಯಿತು. ಕಾಡು ಕಡಿದು ರಬ್ಬರ್ ಹಾಕಿದ್ದ ಇಳಿಜಾರುಗಳಿಂದ ಮಣ್ಣು, ಬಂಡೆ, ಕಡಿದಿಟ್ಟ ಮರದ ದಿಮ್ಮಿ ಒಟ್ಟಿಗೆ ಹಳ್ಳಿಗಳ ಮೇಲೆ ಬಂತು. ಫಿಪುನ್ ತಾಲೂಕಿನ ಕಥೂನ್ ಊರು ಹೂತೇಹೋಯಿತು, ನೂರಾರು ಜನ ಸತ್ತರು. ಆ ಸಿಟ್ಟಿಗೆ ಸರ್ಕಾರ 1989ರಲ್ಲಿ ಇಡೀ ದೇಶದಲ್ಲಿ ನೈಸರ್ಗಿಕ ಕಾಡು ಕಡಿಯುವ ಗುತ್ತಿಗೆಗಳನ್ನೇ ನಿಲ್ಲಿಸಿತು. ಒಂದು ಪ್ರಾಂತದ ದುರಂತ ದೇಶದ ಕಾನೂನು ಬದಲಿಸಿತು. ಖಿರಿವೋಂಗ್‌ನವರು ಎದ್ದು ನಿಂತಿದ್ದು ಆಮೇಲೆ, ಪ್ರವಾಸ, ಬಟ್ಟೆ ಅಂತ ಸಂಘ ಕಟ್ಟಿಕೊಂಡು. ಕೊಡಗು, ವಯನಾಡು ನೋಡಿದ ನಮಗೆ ಹೆಚ್ಚು ಹೇಳಬೇಕಿಲ್ಲ.

ಸಮಯ ಉಳಿದರೆ ಪಾಕ್ ಫನಾಂಗ್. ನದಿ ಸಮುದ್ರ ಸೇರುವ ಹಳೆಯ ಅಕ್ಕಿ ಪೇಟೆ. ಈಗ ಅಲ್ಲಿ ಕಿಟಕಿ ಇಲ್ಲದ ನಾಲ್ಕೈದು ಅಂತಸ್ತಿನ ಕಟ್ಟಡಗಳು, ಒಳಗೆ ಮನುಷ್ಯರಿಲ್ಲ, ಬಾನಾಡಿ ಹಕ್ಕಿಗಳು. ಸ್ಪೀಕರ್‌ನಲ್ಲಿ ಹಕ್ಕಿ ಕೂಗು ಹಾಕಿ ಅವನ್ನು ಕರೆಯುತ್ತಾರೆ. ಚೀನೀಯರು ಸೂಪ್ ಮಾಡುವುದು ಅವುಗಳ ಎಂಜಲಿನ ಗೂಡಿನಿಂದ, ಬೆಲೆ ಬೆಳ್ಳಿಯ ಲೆಕ್ಕದಲ್ಲಿ. ಅದರ ಆಚೆ ತಲುಂಫುಕ್ ಅನ್ನುವ ಭೂಶಿರ. 1962ರ ಅಕ್ಟೋಬರ್‌ನಲ್ಲಿ ಹ್ಯಾರಿಯೆಟ್ ಚಂಡಮಾರುತ ಅಲ್ಲಿಯ ಮೀನುಗಾರರ ಊರನ್ನೇ ಗುಡಿಸಿಕೊಂಡು ಹೋಯಿತು. ಈಗಲೂ ಕೆಲವು ಮನೆಗಳಿವೆ, ರಸ್ತೆ ಮುಗಿದ ಮೇಲೂ ಮರಳು ಮುಂದುವರಿಯುತ್ತದೆ.

ಹೋಗುವುದು ಸುಲಭ. ಬ್ಯಾಂಕಾಕ್‌ನ ಡಾನ್ ಮುವಾಂಗ್‌ನಿಂದ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ರಾತ್ರಿ ರೈಲೂ ಇದೆ, ಸುಮಾರು 800 ಕಿ.ಮೀ., ಮಲಗಿ ಹೋಗಬಹುದು, ನಿಲ್ದಾಣ ಊರ ನಡುವೆಯೇ. ಅಪ್ಪ-ಅಮ್ಮನಿಗೆ ಕೆಳಗಿನ ಬರ್ತ್ ಹಿಡಿಯಿರಿ, ಮೇಲಿನದು ನಮ್ಮ ರೈಲಿಗಿಂತ ಇಕ್ಕಟ್ಟು. ಹೊರಗಿನ ಜಾಗಗಳಿಗೆ ಬಸ್ಸು ನಂಬಿದರೆ ಅರ್ಧ ದಿನ ಹೋಗುತ್ತದೆ, ಡ್ರೈವರ್ ಸಮೇತ ಕಾರು ಮಾಡಿ. ಊರಿಗೆ ಎರಡು ರಾತ್ರಿ, ಖಿರಿವೋಂಗ್‌ಗೆ ಒಂದು, ಖನೋಮ್‌ಗೆ ಎರಡು ಇಟ್ಟುಕೊಳ್ಳಿ. ಮಾಘ ಪೂಜೆಯ ಹಿಂದಿನ ರಾತ್ರಿ ಸ್ತೂಪದ ಹತ್ತಿರದ ಹೋಟೆಲುಗಳು ತುಂಬಿರುತ್ತವೆ, ದಿನಾಂಕ ನೋಡಿದ ತಕ್ಷಣ ರೂಮು ಹೇಳಿಬಿಡಿ. ಥಾಯ್ಲೆಂಡ್‌ಗೆ ಇಳಿಯುವ ಮುಂಚೆ ಆನ್‌ಲೈನ್‌ನಲ್ಲಿ ತುಂಬುವ ಆಗಮನ ಫಾರಂ 2025ರ ಮೇಯಿಂದ ಕಡ್ಡಾಯ, ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.